ಮ ಒತ್ತು

ಕೈಯಲ್ಲಿ ಹಿಡಿದು ನೋಡಿ, ಹೆದರಬೇಡಿ, ಮರದ್ದು.
ಚನ್ನಪಟ್ಟಣದ ಬೊಂಬೆ ಆಚಾರಿ
ಬುಗುರಿ ಕಡೆಯುವ ಕೈಯಲ್ಲೇ ಕೆತ್ತಿಕೊಟ್ಟದ್ದು;
ಅದಕ್ಕೇ ಎಲ್ಲಕ್ಕೂ ಹೊಟ್ಟೆ.
ಮೈಯೆಲ್ಲ ಕಬ್ಬಿಣದ ಗುಂಡು,
ತಿರುವಿನಲ್ಲಿ ಮಾತ್ರ ಕೂದಲೆಳೆಯ ಸೊಂಟ,
ತಲೆಕಟ್ಟು ಒಂದು ಪಕ್ಕಕ್ಕೆ ವಾಲಿದ ಪೇಟ.
ಗೆರೆ ಮುಗಿಯುವ ಕಡೆ ಸುಮ್ಮನೆ ಮುಗಿಯದು:
ಮೀಸೆಯ ತುದಿ ತಿರುವಿ
ಆಮೇಲೆ ನಿಲ್ಲುತ್ತದೆ.

ಯಾತಕ್ಕೆ ಒದಗುತ್ತದೆ ಅಂತ ಕೇಳಿದಿರಿ.
ಬರೆದುಕೊಳ್ಳಿ.
ಜಂಗಿ ಕುಸ್ತಿಗೆ. ಟೂರಿಂಗ್ ಟಾಕೀಸಿಗೆ.
ಬೆಲ್ಲದ ಮಂಡಿಯ ಆಯುಧಪೂಜೆಗೆ.
ಒಮ್ಮೆ, ಕಳೆದುಹೋದ ಎಮ್ಮೆಗೆ;
ಎಮ್ಮೆ ಸಿಕ್ಕಿತು, ದುಡ್ಡು ಇನ್ನೂ ಬಂದಿಲ್ಲ.
ಮದುವೆ ಕಾಗದಕ್ಕೆ ಬೇಡ, ಹೆಣ್ಣಿನ ಕಡೆಯವರು ಗಾಬರಿಯಾಗುತ್ತಾರೆ.
ಕ್ಷಮೆ ಕೇಳಲು ಇದಕ್ಕೆ ಬಾರದು.
ಸಾಲಿಗೆ ಎರಡೇ ಪದ,
ಮೂರನೆಯದು ಬಂದರೆ ಉಸಿರು ಕಟ್ಟುತ್ತದೆ.
ಗುತ್ತಲು ರಸ್ತೆಯಲ್ಲಿ ಕಬ್ಬಿನ ಗಾಡಿ ಹೊಡೆಯುವವನು
ಎತ್ತು ನಿಲ್ಲಿಸದೆ ಓದಿದರೆ ಅದು ಅಕ್ಷರ,
ಅನ್ನುತ್ತಿದ್ದರು ನಮ್ಮ ಪ್ರೆಸ್ಸಿನ ಯಜಮಾನರು.

ಸಾವಿಗೆ?
ಸಾವಿಗೆ ಹನ್ನೆರಡು ಪಾಯಿಂಟಿನ ಸೀಸ, ಕಪ್ಪು ಅಂಚು.
ಅದು ಈ ಪೇಟೆ ಬೀದಿಯ ಪದ್ಧತಿ.

ಆದರೆ ಒಂದು ಬೆಳಗ್ಗೆ, ಇನ್ನೂ ಕಸ ಗುಡಿಸಿರಲಿಲ್ಲ,
ಬೋರಾಲಿಂಗಯ್ಯ ಬಂದ. ತಿಥಿ ಕಾಗದ ಬೇಕು.
ಗೋಡೆಯ ಕುಸ್ತಿ ಪೋಸ್ಟರಿಗೆ ಬೆರಳಿಟ್ಟು
‘ಇದ್ರಲ್ಲಿ ಹಾಕು’ ಅಂದ.
‘ಅದು ಪೈಲ್ವಾನರ ಅಕ್ಷರ’ ಅಂದೆ.
‘ಮೂವತ್ತೊರ್ಸ ಸೊಪ್ಪು ಮಾರವ್ಳೆ ಕಣಪ್ಪ.
ಮಾರ್ಕೆಟ್ಟಲ್ಲಿ ಕೂಗುದ್ರೆ ರೈಲ್ವೆ ಗೇಟ್ ತಾವ ತಿರುಗಿ ನೋಡೋರು.
ಇರುವೆ ಅಕ್ಸರದಲ್ಲಿ ಹಾಕುದ್ರೆ
ಸತ್ತಿರೋದು ಅವ್ಳೇ ಅಂತ ಯಾರು ನಂಬ್ತಾರೆ?’
‘ಹೆಸರು?’
‘ಸಣ್ಣತಾಯಮ್ಮ.’

ನಾನು ನಗಲಿಲ್ಲ. ಅವನೂ.

ಖಾನೆ ಎಳೆದೆ.
ಣ ಒತ್ತು ಸವೆದು ಬೋಳಾಗಿತ್ತು.
ಚಿಕ್ಕಣ್ಣ, ದೊಡ್ಡಣ್ಣ, ಪಾಪಣ್ಣ,
ನಲವತ್ತು ವರ್ಷದ ಅಣ್ಣಂದಿರೆಲ್ಲ
ಅದರ ಮೇಲೆ ಬಿದ್ದು ಎದ್ದು ಹೋಗಿದ್ದರು.
(ನಿಮ್ಮ ಕಂಪ್ಯೂಟರಿಗೆ ಇಳಿಸುವಾಗ ಅದನ್ನು ತುಂಬಬೇಡಿ,
ಸವೆದೇ ಇರಲಿ.)
ಮ ಒತ್ತು ಮಾತ್ರ ಮೂಲೆಯಲ್ಲಿ,
ಆಚಾರಿ ಕೊಟ್ಟ ದಿನದ ಹಾಗೆ,
ಎಣ್ಣೆಯ ವಾಸನೆಯೂ ಆರದೆ.
ಮಸಿಯನ್ನೇ ಕಂಡಿರಲಿಲ್ಲ.
ವರ್ಷಕ್ಕೊಮ್ಮೆ ಬರುವ ಮಾರಮ್ಮನನ್ನೂ ಸೀಸದಲ್ಲೇ ಮುಗಿಸುತ್ತಿದ್ದೆವು;
ಮಟ್ಟಿಗೆ ಇಳಿದ ಅಮ್ಮಂದಿರು
ಇರಲಿಲ್ಲ, ಅಥವಾ
ಯಾರೂ ಅಚ್ಚು ಹಾಕಿಸಿರಲಿಲ್ಲ.

ಬೋಳು ಒತ್ತಿನ ಅಡಿಗೆ ಬೀಡಿ ಕಟ್ಟಿನ ಕಾಗದ ಮಡಚಿಟ್ಟು
ಎತ್ತರ ಸರಿಮಾಡಿದೆ.
ಹಿಂದುಮುಂದಾಗಿ, ಕನ್ನಡಿಯೊಳಗಿನಂತೆ,
ಸ, ಣ, ತಾ, ಯ, ಮ.
ಚೌಕಟ್ಟಿನ ತುಂಬ ಅವಳೇ.
ತಾರೀಖನ್ನು ಕೆಳಗೆ ತೂರಿಸಿದೆ,
ದುಃಖತಪ್ತರನ್ನು ಇನ್ನೂ ಕೆಳಗೆ.
ಊಟದ ಸಮಯ ಬಿಟ್ಟೇಹೋಯಿತು, ಆಮೇಲೆ ಕೈಯಲ್ಲಿ ಬರೆದೆವು.

ಮೂರು ಹಾಳೆ ಮಸಿಯನ್ನೆಲ್ಲ ಆ ಮ ಒತ್ತೇ ಕುಡಿಯಿತು.
ನಾಲ್ಕನೆಯದಕ್ಕೆ ಬಿಟ್ಟುಕೊಟ್ಟಿತು.
ಅದೇನು ಕಪ್ಪು ಅಂತೀರಿ!
ಕಾಗದದ ಹಿಂದೆ ಬೆರಳಾಡಿಸಿದರೆ
ಅವಳ ಹೆಸರು ಉಬ್ಬಿಕೊಂಡು ತಾಗುತ್ತಿತ್ತು.

ಬೋರಾಲಿಂಗಯ್ಯ ಓದಲಿಲ್ಲ.
‘ಹಿಡ್ಕೊ’ ಅಂತ ಹಾಳೆಯನ್ನು ನನ್ನ ಕೈಗೇ ಕೊಟ್ಟು
ಮೆಟ್ಟಿಲಿಳಿದ, ಬೀದಿ ದಾಟಿದ,
ಸೈಕಲ್ ಅಂಗಡಿಯನ್ನೂ ದಾಟಿ
ಹಿಟ್ಟಿನ ಗಿರಣಿಯ ಹತ್ತಿರ ತಿರುಗಿ ನಿಂತ.
ಲಾರಿಯೊಂದು ಹೋಗಲಿ ಅಂತ ಕಾದ.
ಕೈ ಎತ್ತಿ, ಅಲ್ಲಿಂದಲೇ ಕೂಗಿದ:
‘ಕೇಳುಸ್ತಾ ಅದೆ!’